ಇಳಕಲ್ ಸೀರೆ ಬೇಕೆಂದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗೌರಿ ಹಬ್ಬಕ್ಕೆ ಇಳಕಲ್ ಸೀರೆ ಬೇಕೆಂದವರು ಭಾನುವಾರ ರಾತ್ರಿಯೊಳಗೆ ಒಡಲಿನ ಬಣ್ಣ ಮತ್ತು ದಡಿ, ಅಂದರೆ ಅಂಚು (ಗೋಮಿ, ಗಾಡಿ, ಚಿಕ್ಕಿ ಪರಾಸ) ಯಾವುದೆಂದು ಇಲ್ಲೇ ಬರೆಯಿರಿ. ಈ ಸಲ ನೇರವಾಗಿ ನೇಕಾರರಿಂದಲೇ ತರಿಸುತ್ತಿದ್ದೇವೆ. ಅರ್ಧ ಹಣ ಮುಂಗಡ ಕೊಡಬೇಕು. ನೂಲು, ರೇಷ್ಮೆಯನ್ನು ಅವರು ಮೊದಲೇ ಕೊಳ್ಳಬೇಕಲ್ಲ.

ನಿನ್ನೆ ಈ ಗುಂಪಿಗೆ ಬಂದ, ತೀರಾ ಕಡಿಮೆ ಬೆಲೆ ತೋರಿಸಿದ ‘ಅಗ್ಗದ ಇಳಕಲ್’ ಸೀರೆಯ ಚಿತ್ರದ ಬಗ್ಗೆ ಒಂದು ಮಾತು. ಆ ಬೆಲೆಗೆ ಕೈಮಗ್ಗದ ಸೀರೆ ಸಿಗುವುದಿಲ್ಲ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದ್ದಾದರೂ ಸೆರಗಿಗೆ ಕೆಂಪು ರೇಷ್ಮೆಯೇ. ಎರಡೂ ಹಾಸಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಹೂಡಬೇಕು. ಕೈಗೆ ಬಂದಾಗ ಸೆರಗು ಶುರುವಾಗುವಲ್ಲಿ ತಿರುವಿ ನೋಡಿ, ಕುಣಿಕೆಗಳ ಸಾಲು ಕಾಣುತ್ತದೆ.

ದಯವಿಟ್ಟು ಚೌಕಾಸಿ ಬೇಡ. ಆ ಆಸೆಯಿದ್ದವರು ತರಕಾರಿ ಸಂತೆಗೆ ಹೋಗಬಹುದು (ಅಲ್ಲಿಯೂ ಬೇಡವೆಂದೇ ನನ್ನ ಅಭಿಪ್ರಾಯ). ನಾಲ್ಕು ದಿನ ತಡವಾದರೆ ಫೋನಿನ ಮೇಲೆ ಫೋನು ಮಾಡಿ ನೇಕಾರರನ್ನು ಪೀಡಿಸಬೇಡಿ.

ಕುಪ್ಪಸಕ್ಕೆ ಖಣ ಬೇಕಾದವರು ಪ್ರತ್ಯೇಕವಾಗಿ ತಿಳಿಸಿ, ಅದನ್ನು ಗುಳೇದಗುಡ್ಡದಿಂದ ತರಿಸಬೇಕು.