ವಚನ ಪಾಠಕ್ಕೆ ಇಂಟರ್‌ನೆಟ್: ಮೊದಲು ಪ್ರಶ್ನೆ ಸರಿಯಾಗಲಿ

ಮಾನ್ಯ ಸಂಪಾದಕರೆ,

ವಚನದ ಪಾಠ ಮುಗಿಯುತ್ತಿದ್ದಂತೆ ‘ಅಂಬಿಗರ ಚೌಡಯ್ಯನ ಬಗ್ಗೆ ಇಂಟರ್‌ನೆಟ್‌ನಲ್ಲಿ ಮಾಹಿತಿ ಸಂಗ್ರಹಿಸಿ’ ಎಂದು ಪ್ರಾಜೆಕ್ಟ್ ಕೊಡುವುದು ಪ್ರೌಢಶಾಲೆಗಳಲ್ಲಿ ವಾಡಿಕೆಯಾಗಿದೆ. ಬರುವುದು ಒಂದೇ ವಿಕಿಪೀಡಿಯ ಪುಟದ ನಲವತ್ತು ನಕಲು. ಸ್ಕೆಚ್ ಪೆನ್ನಿನ ಅಂಚು ಮಾತ್ರ ಬೇರೆ ಬೇರೆ. ಮಕ್ಕಳನ್ನು ದೂರಿ ಫಲವಿಲ್ಲ. ಕೇಳಿದ್ದು ಮಾಹಿತಿ, ಅವರು ತಂದದ್ದೂ ಮಾಹಿತಿ.

1995ರಲ್ಲಿ ಸ್ಯಾನ್ ಡಿಯಾಗೋ ಸ್ಟೇಟ್ ಯೂನಿವರ್ಸಿಟಿಯ ಬರ್ನಿ ಡಾಡ್ಜ್ ‘ವೆಬ್‌ಕ್ವೆಸ್ಟ್’ ಎಂಬ ಚಟುವಟಿಕೆ ರೂಪಿಸಿದ್ದು ಇದನ್ನು ತಪ್ಪಿಸಲಿಕ್ಕೇ. ನೋಡಬೇಕಾದ ತಾಣಗಳನ್ನು ಶಿಕ್ಷಕರೇ ಆರಿಸಿಕೊಡಬೇಕು. ಮಕ್ಕಳ ಹೊತ್ತು ಹುಡುಕಾಟದಲ್ಲಿ ಕಳೆಯದೆ, ಸಿಕ್ಕಿದ್ದನ್ನು ಓದಿ ಬಳಸುವುದರಲ್ಲಿ ಕಳೆಯಬೇಕು.

ಅದೇ ಚೌಡಯ್ಯನ ಬಗ್ಗೆ ಹೀಗೆ ಕೇಳಬಹುದು: ‘ದೋಣಿ ನಡೆಸುವ ಕಾಯಕದ ಪದಗಳು ಅವನ ವಚನಗಳಲ್ಲಿ ಎಲ್ಲಿ ಕೆಲಸವಾಗಿಯೇ ಬಂದಿವೆ, ಎಲ್ಲಿ ರೂಪಕವಾಗಿವೆ?’ ‘ವಚನ ಸಂಚಯ’ ತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ, ಪದ ಕೊಟ್ಟು ಹುಡುಕಬಹುದು. ನಾಲ್ವರ ಗುಂಪಿಗೆ ಎರಡು ಪದ, ಹತ್ತು ವಚನ ಸಾಕು. ಹುಡುಕಲು ಒಂದು ಪಿರಿಯಡ್, ಓದಿ ಚರ್ಚಿಸಲು ಎರಡು, ಮಂಡನೆಗೆ ಒಂದು. ಇಡೀ ತರಗತಿಗೆ ಒಂದೇ ಕಂಪ್ಯೂಟರ್ ಇದ್ದರೆ, ನೆಟ್ ಕೈಕೊಡುವ ಮೊದಲೇ, ಹಿಂದಿನ ದಿನ ವಚನಗಳನ್ನು ಪ್ರಿಂಟ್ ತೆಗೆದಿಡುವುದು ಲೇಸು.

ಎಡವುವ ಜಾಗಗಳಿವೆ. ‘ಅಂಬಿಗ’ ಎಂದು ಹುಡುಕಿದರೆ ರಾಶಿ ಬೀಳುತ್ತದೆ. ಚೌಡಯ್ಯನ ಅಂಕಿತವೇ ಅವನ ಹೆಸರಾದ್ದರಿಂದ ಆ ಎಣಿಕೆಗೆ ಅರ್ಥವಿಲ್ಲ. ಪದವಾರು ಹುಡುಕುವಾಗ ಹರಿಗೋಲು, ಹರಿಗೋಲನು, ಹರಿಗೋಲಿಗೆ ಮೂರೂ ಬೇರೆ ಪದಗಳು; ಒಂದನ್ನು ಹುಡುಕಿ ‘ಇಲ್ಲ’ ಎಂದು ಬರೆದುಬಿಡುವ ಗುಂಪುಗಳೇ ಹೆಚ್ಚು. ‘ಚೆನ್ನಮಲ್ಲಿಕಾರ್ಜುನ’, ‘ಚನ್ನಮಲ್ಲಿಕಾರ್ಜುನ’ ಎಂಬ ಕಾಗುಣಿತ ಭೇದದ ಕಾಟವೂ ಇಂಥದ್ದೇ. ಇನ್ನು ಯುನಿಕೋಡ್ ಅಲ್ಲದ ಹಳೆಯ ಫಾಂಟಿನ ಪಿಡಿಎಫ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಹುಡುಕಾಟಕ್ಕೆ ಏನೂ ಸಿಗದು.

ಎಲ್ಲಕ್ಕಿಂತ ಸೊಗಸಾದ ತೊಡಕು ‘ಹುಟ್ಟು’. ದೋಣಿಯ ಹುಟ್ಟೂ ಅದೇ, ಜನ್ಮವೂ ಅದೇ. ಯಂತ್ರ ಎರಡನ್ನೂ ಒಟ್ಟಿಗೆ ಸುರಿಯುತ್ತದೆ. ಯಾವುದು ಯಾವುದೆಂದು ಹೇಳಲು ಮಗು ಹಿಂದಿನ ಸಾಲು, ಮುಂದಿನ ಸಾಲು ಓದಲೇಬೇಕು. ಎರಡೂ ಅರ್ಥ ಹೊಂದುವ ಕಡೆ ಗುಂಪಿನಲ್ಲಿ ಜಗಳ ಹತ್ತಿಕೊಂಡರೆ ಅಡ್ಡ ಹೋಗಬೇಡಿ. ಸಾಹಿತ್ಯದ ಪಾಠ ಶುರುವಾಗುವುದು ಅಲ್ಲಿಯೇ.

ಚಾಟ್‌ಬಾಟ್‌ಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ವಚನ ಕೇಳಿದರೆ ತಾವೇ ಹೊಸೆದು ಕೊನೆಗೊಂದು ಅಂಕಿತ ಅಂಟಿಸುವುದುಂಟು. ವಾಟ್ಸ್‌ಆ್ಯಪ್ ವಚನಗಳೂ ಕಡಿಮೆಯೇನಿಲ್ಲ. ಆದ್ದರಿಂದ ಉಲ್ಲೇಖಿಸಿದ ಪ್ರತಿ ವಚನಕ್ಕೂ ಆಕರ ಬರೆಯಲಿ. ಅನುಮಾನ ಬಂದರೆ ಕರ್ನಾಟಕ ಸರ್ಕಾರವೇ ಪ್ರಕಟಿಸಿರುವ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳಿವೆ.

ಅಂಕ ಹೇಗೆ ಕೊಡುತ್ತೇವೆಂದು ಮೊದಲೇ ಬೋರ್ಡಿನ ಮೇಲೆ ಬರೆಯಬೇಕು. ಹತ್ತರಲ್ಲಿ ನಾಲ್ಕು ವಚನದ ಸಾಲನ್ನೇ ಆಧಾರವಾಗಿ ಕೊಟ್ಟದ್ದಕ್ಕೆ, ನಾಲ್ಕು ಅರ್ಥ ವಿವರಣೆಗೆ, ಎರಡು ಬೇರೆ ಗುಂಪಿನ ಪ್ರಶ್ನೆಗೆ ಉತ್ತರಿಸಿದ್ದಕ್ಕೆ. ಚಾರ್ಟಿನ ಅಂದಕ್ಕೆ ಸೊನ್ನೆ.

– ಕನ್ನಡ ಶಿಕ್ಷಕರು, ಧಾರವಾಡ