ಲಿಫ್ಟ್ ಕಿಟ್ಟಿಗೆ ದುಡ್ಡು ಸುರಿಯೋ ಮುಂಚೆ ಗಾಡಿ ತೂಕ ಹಾಕ್ಸಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಹಳೇ ಫೋರ್ ವೀಲ್ ಡ್ರೈವ್ ಗಾಡಿನ ಲಾಂಗ್ ಟೂರಿಗೆ ರೆಡಿ ಮಾಡೋದು ಹೇಗೆ ಅಂತ ಲೇಖನ ಬಂದಿತ್ತಲ್ಲ, ಫೋಟೋ ಎಲ್ಲಾ ಚೆನ್ನಾಗಿತ್ತು, ಟೈರ್ ಬಗ್ಗೆ ಬರೆದಿದ್ದೂ ಸರಿ ಇತ್ತು, ಆದ್ರೆ ಸಸ್ಪೆನ್ಷನ್ ವಿಷಯಕ್ಕೆ ಬಂದಾಗ ಮಾತ್ರ ಎರಡು ಇಂಚು ಲಿಫ್ಟ್ ಕಿಟ್ (ಗಾಡಿ ಎತ್ತರ ಮಾಡೋ ಸಾಮಾನು) ಹಾಕ್ಸಿ, ಹೆವಿ ಡ್ಯೂಟಿ ಅಂದ್ರೆ ಜಾಸ್ತಿ ಗಟ್ಟಿ ಸ್ಪ್ರಿಂಗ್ ಹಾಕ್ಸಿ ಅಂತ ಎರಡೇ ಸಾಲಲ್ಲಿ ಮುಗಿಸಿಬಿಟ್ಟಿದೀರಿ. ಇದನ್ನ ಓದಿ ಈಗಷ್ಟೇ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿರೋ ಹುಡುಗರು ಸೀದಾ ಅಂಗಡಿಗೆ ಹೋಗಿ ಇಎಂಐ ಮೇಲೆ ಕಿಟ್ ಹಾಕಿಸ್ಕೊಂಡು ಬರ್ತಾರೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕಿದ್ರೂ ಬೇಜಾರಿಲ್ಲ.

ನಂದು ಹಳೇ ಮಹೀಂದ್ರ ಥಾರ್ ಜೀಪು, ಅಂದ್ರೆ 2010ರಲ್ಲಿ ಬಂತಲ್ಲ ಆ ಸಿಆರ್‌ಡಿಇ ಡೀಸೆಲ್ ಇಂಜಿನ್ ಮಾಡೆಲ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ಉಕ್ಕಿನ ಸಲಾಕೆ), ಹಿಂದೆ ಪ್ಲೇಟ್ ಸೆಟ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು). 2020ರಲ್ಲಿ ಬಂದ ಹೊಸ ಥಾರಿಗೆ ನಾಲ್ಕೂ ಕಡೆ ಕಾಯಿಲ್ ಅಂದ್ರೆ ಸುರುಳಿ ಸ್ಪ್ರಿಂಗ್, ಜಿಪ್ಸಿಗೆ ನಾಲ್ಕೂ ಕಡೆ ಪ್ಲೇಟ್, ಬೊಲೆರೊಗೆ ಮುಂದೆ ಕಾಯಿಲ್ ಹಿಂದೆ ಪ್ಲೇಟ್. ಇಷ್ಟು ಬೇರೆ ಬೇರೆ ಇರೋವಾಗ ಎಲ್ಲದಕ್ಕೂ ಒಂದೇ ಕಿಟ್ ಒಂದೇ ಸಲಹೆ ಅಂದ್ರೆ ಹೇಗೆ ಸ್ವಾಮಿ?

ನಾನು ಹೇಳೋದು ಇಷ್ಟೇ, ಬಜೆಟ್ ಕಮ್ಮಿ ಇದ್ರೆ ಮೊದಲ ಖರ್ಚು ವೇ ಬ್ರಿಡ್ಜಿಗೆ, ಅಂದ್ರೆ ಲಾರಿ ತೂಕ ಹಾಕೋ ತಟ್ಟೆಗೆ. ರೈಸ್ ಮಿಲ್ ಹತ್ರ, ಮಂಡಿ ಹತ್ರ ಎಲ್ಲಾ ಊರಲ್ಲೂ ಇರುತ್ತೆ, ಚಿಲ್ಲರೆ ದುಡ್ಡು ತಗೋತಾರೆ. ಟೂರಿಗೆ ಹೊರಟ ದಿನ ಹೇಗೆ ಲೋಡ್ ಮಾಡ್ತೀರೋ ಹಾಗೇ ಲೋಡ್ ಮಾಡ್ಕೊಂಡು, ಜನಾನೂ ಕೂರಿಸ್ಕೊಂಡು ಹೋಗಿ ಪೂರ್ತಿ ಗಾಡಿ ಒಂದ್ಸಲ, ಆಮೇಲೆ ಹಿಂದಿನ ಚಕ್ರ ಮಾತ್ರ ತಟ್ಟೆ ಮೇಲೆ ನಿಲ್ಲಿಸಿ ಇನ್ನೊಂದ್ಸಲ ತೂಕ ಹಾಕ್ಸಿ. ಕೆಲವು ಕಡೆ ಹುಡುಗರು ಜೀಪು ತೂಕ ಯಾಕೆ ಸಾರ್ ಅಂತ ನಗ್ತಾರೆ, ನಗಲಿ ಬಿಡಿ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಎರಡಿಟ್ರೆ ಅಲ್ಲೇ 40 ಕೆಜಿ ಆಯ್ತು, ಮೇಲೆ ಕ್ಯಾರಿಯರ್ರು, ಅದರ ಮೇಲೆ ಟೆಂಟು, ಗ್ಯಾಸ್ ಸ್ಟವ್, ಟೂಲ್ಸು, ಇದೆಲ್ಲಾ ಬಹುಪಾಲು ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಮೇಲೇ ಬೀಳುತ್ತೆ. ಆರ್‌ಸಿಲಿ ಬರೆದಿರೋ ಲೋಡ್ ತೂಕದ ಜೊತೆ ಹೋಲಿಸಿ ನೋಡಿ. ಅದು ದಾಟಿದ್ರೆ ಸಾಮಾನು ಇಳಿಸಬೇಕೇ ಹೊರತು ಗಟ್ಟಿ ಸ್ಪ್ರಿಂಗ್ ಹಾಕಿ ಪ್ರಯೋಜನ ಇಲ್ಲ, ಯಾಕಂದ್ರೆ ಸ್ಪ್ರಿಂಗ್ ಬದಲಾಯಿಸಿದ ಮಾತ್ರಕ್ಕೆ ಬ್ರೇಕು, ಆಕ್ಸಲ್ಲು, ಚಾಸಿ ಬದಲಾಗಲ್ಲ. ಇದನ್ನ ಯಾವ ಅಂಗಡಿಯವನೂ ಹೇಳಲ್ಲ.

ಇನ್ನು ತಿಂಗಳಿಗೊಂದ್ಸಲ ಇಬ್ಬರು ಎರಡು ಬ್ಯಾಗು ಹಾಕ್ಕೊಂಡು ಹೋಗೋರು, ಉಳಿದ ದಿನ ಗಾಡಿ ಖಾಲಿ ಓಡಿಸೋರು, ಹೆವಿ ಡ್ಯೂಟಿ ಹಾಕಿಸ್ಕೊಂಡ್ರೆ ಮುಗೀತು ಕಥೆ. ಖಾಲಿ ಗಾಡಿ ಹಂಪ್ ಮೇಲೆ ಕುಣಿಯುತ್ತೆ, ತಿರುವಲ್ಲಿ ಗುಂಡಿ ಸಿಕ್ರೆ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತೆ. ನಮ್ಮ ಕಡೆ ಕೊಡಚಾದ್ರಿ ಹತ್ತೋ ಜೀಪುಗಳನ್ನ ನೋಡಿ, ಆ ಕಲ್ಲು ಕೊರಕಲು ದಾರೀಲಿ ಸೀಸನ್ ಪೂರ್ತಿ ಹತ್ತಿ ಇಳೀತಾ ಇರ್ತಾವೆ, ಬಹುಪಾಲು ಗಾಡಿಗಳಿಗೆ ಅದೇ ಹಳೇ ಪ್ಲೇಟ್ ಸೆಟ್ಟು, ಕಟ್ಟಾದ ಪ್ಲೇಟು ತೆಗೆದು ಹೊಸದು ಹಾಕಿ, ಬುಷ್ (ಜೋಡಣೆ ಜಾಗದಲ್ಲಿ ಕೂರೋ ರಬ್ಬರ್ ಉಂಗುರ) ಬದಲಾಯಿಸಿ ಓಡಿಸ್ತಾರೆ. ಅವರಿಗೆ ಅದು ಹೊಟ್ಟೆಪಾಡು, ಶೋಕಿಗೆ ದುಡ್ಡು ಹಾಕಲ್ಲ.

ತೂಕ ಗೊತ್ತಾದ ಮೇಲೆ ಗಾಡಿನ ಸಮತಟ್ಟು ಜಾಗದಲ್ಲಿ ಖಾಲಿ ನಿಲ್ಲಿಸಿ ಚಕ್ರದ ಮಧ್ಯದಿಂದ ಮೇಲಿನ ಫೆಂಡರ್ ಅಂಚಿಗೆ ಟೇಪ್ ಹಿಡಿದು ಅಳೆಯಿರಿ, ನಾಲ್ಕೂ ಕಡೆ. ಎಡಕ್ಕೂ ಬಲಕ್ಕೂ ಎದ್ದು ಕಾಣೋ ವ್ಯತ್ಯಾಸ ಇದ್ರೆ ಒಂದು ಕಡೆ ಸ್ಪ್ರಿಂಗ್ ಕೂತಿದೆ (ಅಂದ್ರೆ ಕುಸಿದಿದೆ) ಅಥವಾ ಪ್ಲೇಟ್ ಕಟ್ಟಾಗಿದೆ. ಲೋಡ್ ಹಾಕಿದಾಗ ಹಿಂದೆ ಕುಸಿದು, ಹೆಡ್‌ಲೈಟ್ ಮೇಲಕ್ಕೆ ತಿರುಗಿ, ರಾತ್ರಿ ಘಾಟೀಲಿ ಎದುರಿನವರೆಲ್ಲ ಡಿಪ್ ಮಾಡು ಅಂತ ಲೈಟ್ ಹೊಡೀತಿದ್ರೆ (ನೀವು ಡಿಪ್ಪಲ್ಲೇ ಇದ್ರೂ!) ಅದೂ ಒಂದು ಗುರುತು. ಇದ್ಯಾವುದೂ ಇಲ್ಲ ಅಂದ್ರೆ ಸ್ಪ್ರಿಂಗಿಗೆ ಕೈ ಹಾಕಲೇಬೇಡಿ, ದುಡ್ಡೆಲ್ಲಾ ಶಾಕ್ ಅಬ್ಸಾರ್ಬರಿಗೂ ಬುಷ್ಷಿಗೂ ಇಡಿ.

ಭಾರ ಹೊರೋದು ಸ್ಪ್ರಿಂಗು, ಶಾಕ್ಸ್ ಕೆಲಸ ಆ ಸ್ಪ್ರಿಂಗಿನ ಕುಣಿತ ನಿಲ್ಲಿಸೋದು. ಜನ ಶಾಕ್ಸ್ ಗಟ್ಟಿ ಹಾಕಿದ್ರೆ ಗಾಡಿ ಜಾಸ್ತಿ ಲೋಡ್ ಎಳೆಯುತ್ತೆ ಅಂದ್ಕೊಂಡಿದಾರೆ, ಹಾಗೇನಿಲ್ಲ. ಉಬ್ಬು ತಗ್ಗಿನ ಮಣ್ಣು ರೋಡಲ್ಲಿ ಗಂಟೆಗಟ್ಲೆ ಓಡಿಸಿದ್ರೆ ಒಳಗಿನ ಆಯಿಲ್ ಕಾದು, ಗಾಳಿ ಸೇರಿ ನೊರೆ ಆಗುತ್ತೆ, ಆಗ ಶಾಕ್ಸ್ ಇದ್ದೂ ಇಲ್ಲದ ಹಾಗೆ. ಅದಕ್ಕೇ ಗ್ಯಾಸ್ ತುಂಬಿದ್ದು ಬಂದಿರೋದು, ನೈಟ್ರೋಜನ್ ಒತ್ತಡಕ್ಕೆ ನೊರೆ ಕಮ್ಮಿ. ಲಡಾಖ್, ಸ್ಪಿತಿ ಅಂತ ಹೋಗೋರಿಗೆ ಗ್ಯಾಸ್ ಶಾಕ್ಸಿಗೆ ಕೊಟ್ಟ ದುಡ್ಡು ವೇಸ್ಟ್ ಅಲ್ಲ, ಸಕಲೇಶಪುರ ಚಿಕ್ಕಮಗಳೂರು ತಿರುಗೋರಿಗೆ ಕಂಪನಿದೇ ಸಾಕು ಅಂತ ನನ್ನ ಅಭಿಪ್ರಾಯ. ಯಾವ ಶಾಕ್ಸ್ ಸತ್ತಿದೆ ಅಂತ ತಿಳಿಯೋಕೆ ಹಳೇ ಡ್ರೈವರ್ ಒಬ್ಬರು ತೋರಿಸಿಕೊಟ್ಟ ಉಪಾಯ ಇದೆ, ಹಾಳು ರೋಡಲ್ಲಿ ಚೆನ್ನಾಗಿ ಓಡಿಸಿ ನಿಲ್ಲಿಸಿದ ತಕ್ಷಣ ಒಂದೊಂದರ ಹತ್ರಾನೂ ಕೈ ಹಿಂಭಾಗ ಹಿಡಿದು ನೋಡೋದು (ಮುಟ್ಟಬೇಡಿ, ಸುಡುತ್ತೆ). ಮೂರು ಬಿಸಿ ಇದ್ದು ಒಂದು ತಣ್ಣಗಿದ್ರೆ ಆ ತಣ್ಣಗಿರೋದು ಕೆಲಸಾನೇ ಮಾಡ್ತಿಲ್ಲ ಅಂತ ಅರ್ಥ. ಬದಲಾಯಿಸೋವಾಗ ಮಾತ್ರ ಜೋಡಿ ಬದಲಾಯಿಸಿ, ಒಂದೇ ಒಂದು ಹಾಕಿಸ್ಬೇಡಿ.

ಪ್ಲೇಟ್ ಕೂತಿದ್ರೆ ಲಾರಿ ಗ್ಯಾರೇಜುಗಳ ಹತ್ರ ಪ್ಲೇಟ್ ಕೆಲಸದವರು ಇರ್ತಾರಲ್ಲ, ಅವರು ಹೊಡೆದು ಬಾಗು ತಂದುಕೊಡ್ತಾರೆ, ಸೋವಿ. ಆದ್ರೆ ಸರಿಯಾಗಿ ಕಾಯಿಸಿ ಹದ ಕೊಡದೆ ಬರೀ ಹೊಡೆದಿದ್ದು ಬೇಗ ಮತ್ತೆ ಕೂರುತ್ತೆ. ಒಂದು ಪ್ಲೇಟ್ ಎಕ್ಸ್‌ಟ್ರಾ ಸೇರಿಸ್ತೀನಿ ಅಂದ್ರೆ ಅದರ ದಪ್ಪ ಕೇಳಿ, ಒಂದು ಪ್ಲೇಟಿನ ದಪ್ಪ ಎರಡರಷ್ಟಾದ್ರೆ ಅದರ ಬಿಗಿ ಎಂಟರಷ್ಟಾಗುತ್ತೆ, ಕಣ್ಣಂದಾಜಲ್ಲಿ ಲಾರಿ ಪ್ಲೇಟ್ ತುರುಕಿಸ್ಕೊಂಡ್ರೆ ಸೊಂಟ ನಿಮ್ದು. ಲೋಡ್ ಬಿದ್ದಾಗ ಮಾತ್ರ ತಾಗೋ ಹಾಗೆ ಕೆಳಗೆ ನೇರ ಇರೋ ಹೆಲ್ಪರ್ ಪ್ಲೇಟ್ ಹಾಕಿಸಿದ್ರೆ ಖಾಲಿ ಇದ್ದಾಗ ಅಷ್ಟು ತೊಂದರೆ ಕೊಡಲ್ಲ.

ಟಾರ್ಷನ್ ಬಾರ್ ಬೋಲ್ಟ್ ತಿರುಗಿಸಿ ಮುಂದೆ ಎತ್ತಿಕೊಡ್ತೀನಿ, ಫ್ರೀ ಲಿಫ್ಟ್ ಸಾರ್ ಅನ್ನೋರಿದಾರೆ. ಬಾರ್ ಅದೇ, ಬಿಗಿ ಅಷ್ಟೇ, ಎತ್ತರ ಮಾತ್ರ ಬದಲು. ಚಕ್ರ ಕೆಳಗೆ ಇಳಿಯೋಕೆ ಜಾಗ ಇರಲ್ಲ, ಪ್ರತಿ ಗುಂಡಿಗೂ ಟಪ್ ಅಂತ ಹೊಡೆಯುತ್ತೆ, ಚಕ್ರ ತಿರುಗಿಸೋ ಡ್ರೈವ್ ಶಾಫ್ಟ್ ಓರೆಯಾಗಿ ಅದರ ರಬ್ಬರ್ ಮುಚ್ಚಳ (ಬೂಟ್) ಹರಿಯುತ್ತೆ, ಅಲೈನ್‌ಮೆಂಟ್ ಹೋಗಿ ಟೈರ್ ಒಂದೇ ಕಡೆ ಸವೀತದೆ. ಎಷ್ಟು ಫ್ರೀ ಆಯ್ತು ಅಂತ ನೀವೇ ಲೆಕ್ಕ ಹಾಕಿ.

ಬುಷ್ ಬಗ್ಗೆ ಒಂದು ಮಾತು, ಇದು ದುಡ್ಡಿನ ವಿಷಯ ಅಲ್ಲ ಆದ್ರೆ ಮುಖ್ಯ. ರಬ್ಬರ್ ಬುಷ್ ಹಾಕಿದ ಮೇಲೆ ಗಾಡಿ ಜಾಕಿ ಮೇಲೆ ಇದ್ದಾಗಲೇ, ಚಕ್ರ ನೇತಾಡ್ತಿರೋವಾಗಲೇ ಬೋಲ್ಟ್ ಫುಲ್ ಟೈಟ್ ಮಾಡಿದ್ರೆ, ಕೆಳಗೆ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತೆ, ಸ್ವಲ್ಪ ದಿನಕ್ಕೇ ಹರಿಯುತ್ತೆ. ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತ ಮೇಲೆ ಕೊನೇ ಟೈಟ್ ಕೊಡ್ಬೇಕು. ಮೆಕ್ಯಾನಿಕ್ ಪಕ್ಕ ನಿಂತು ಇದೊಂದು ನೋಡ್ಕೊಳ್ಳಿ. ಪ್ಲೇಟ್ ಬಿಚ್ಚಿದ್ರೆ ಅದನ್ನ ಆಕ್ಸಲ್ಲಿಗೆ ಬಿಗಿಯೋ ಯು ಬೋಲ್ಟ್ ಹೊಸದೇ ಹಾಕ್ಸಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಟೈಟ್ ನೋಡಿಸಿ.

ಕಾನೂನಿನ ವಿಷಯ ನಿಮ್ಮ ಲೇಖನದಲ್ಲಿ ಸುಳಿವೇ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ, ಅದೇ ವರ್ಷದ ತಿದ್ದುಪಡೀಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು. ಸವೆದ ಪಾರ್ಟ್ ತೆಗೆದು ಅದೇ ಅಳತೆದು ಹಾಕೋದು ಬೇರೆ, ಗಾಡಿ ಎತ್ತರ ಮಾಡೋದು ಬೇರೆ. ಇದನ್ನ ಹೇಳದೆ ಲಿಫ್ಟ್ ಹಾಕ್ಸಿ ಅಂತ ಪೇಪರಲ್ಲಿ ಬರೆದ್ರೆ, ಚೆಕ್‌ಪೋಸ್ಟಲ್ಲಿ ಸಿಕ್ಕಿಬಿದ್ದ ಹುಡುಗ ನಿಮ್ಮ ಪುರವಣಿ ತೋರಿಸೋಕಾಗುತ್ತಾ?

ಮುಂದಿನ ಸಲ ಇಂಥ ಲೇಖನ ಹಾಕೋವಾಗ ದಯವಿಟ್ಟು ಕಿಟ್ ಮಾರೋರ ಜೊತೆಗೆ ಒಬ್ಬ ಪ್ಲೇಟ್ ಕೆಲಸದವರನ್ನೂ ಒಬ್ಬ ಆರ್‌ಟಿಒ ಇನ್‌ಸ್ಪೆಕ್ಟರನ್ನೂ ಮಾತಾಡಿಸಿ. ಸ್ಪ್ರಿಂಗ್ ಹೆಸರು ಬರೆದ್ರೆ ಅದು ಎಷ್ಟು ಕೆಜಿ ಲೋಡಿಗೆ ಅಂತಾನೂ ಪಕ್ಕದಲ್ಲೇ ಹಾಕಿ.

ಇಂತಿ,
ಹಳೇ ಥಾರ್ ಇಟ್ಕೊಂಡಿರೋ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ