ಚಿತ್ರದ ಮುಂದೆ ಮಕ್ಕಳನ್ನು ನಿಲ್ಲಿಸುವಾಗ

ಚಿ|| ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಎರಡನೆಯ ತರಗತಿಯ ಮಕ್ಕಳಿಗೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ತೋರಿಸುವುದಾಗಿ ಬರೆದಿದ್ದೀಯೆ. ಸಂತೋಷ. ಆದರೆ ಅಲ್ಲಿರುವುದನ್ನೆಲ್ಲ ತೋರಿಸಲು ಹೋಗಬೇಡ, ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವೊಂದರ ಮುಂದೆ ಹತ್ತು ನಿಮಿಷ ನಿಲ್ಲಿಸಿದರೂ ಸಾಕು.

ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ನಾನು ಮಾಡಿದ ತಪ್ಪನ್ನು ನೀನು ಮಾಡಬಾರದೆಂದು ಈ ಕಾಗದ. ಮಕ್ಕಳು ನೋಡುವ ಮೊದಲೇ ನಾನು ವಿವರಿಸಲು ಶುರುಮಾಡುತ್ತಿದ್ದೆ. ಬರೆದವರು ರವಿವರ್ಮ ಎಂದೂ ಹೇಳಿಬಿಡುತ್ತಿದ್ದೆ (ಹಾಗೆ ನಂಬಿದವರು ಇಂದಿಗೂ ಬೇಕಾದಷ್ಟಿದ್ದಾರೆ). ಹೆಸರು ಕಿವಿಗೆ ಬಿದ್ದ ಕೂಡಲೇ ಮಕ್ಕಳ ಕಣ್ಣು ಮುಂದಿನ ಚಿತ್ರಕ್ಕೆ ಹಾರುತ್ತಿತ್ತು.

ಆದ್ದರಿಂದ ಮೊದಲು ನೀನೇ ಒಂದು ನಿಮಿಷ ಸುಮ್ಮನಿರು. ಆಮೇಲೆ "ಏನೇನು ಕಾಣಿಸುತ್ತಿದೆ?" ಎಂದಷ್ಟೇ ಕೇಳು. "ಅವಳಿಗೆ ಭಯವಾಗಿದೆ" ಎಂದು ಒಬ್ಬನೂ "ದೇವರ ಮನೆಗೆ ಹೋಗುತ್ತಿದ್ದಾಳೆ" ಎಂದು ಇನ್ನೊಬ್ಬಳೂ ಹೇಳಿದರೆ ಸರಿ ತಪ್ಪು ಅನ್ನಬೇಡ. "ಅದು ನಿನಗೆ ಎಲ್ಲಿ ಕಾಣಿಸಿತು, ತೋರಿಸು" ಎನ್ನು. ಆಗ ಮಗು ಮುಖದ ಮೇಲಿನ ಬೆಳಕನ್ನೂ ಸೀರೆಯ ನೆರಿಗೆಗಳನ್ನೂ ಬೆನ್ನ ಹಿಂದಿನ ನೆರಳನ್ನೂ ತಾನಾಗಿ ಹುಡುಕತೊಡಗುತ್ತದೆ, ಆಧಾರ ಸಿಗದಿದ್ದರೆ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತದೆ. ಅಷ್ಟು ಹೊತ್ತು ಕಾಯುವುದು ನಮ್ಮಂಥ ಮೇಷ್ಟ್ರುಗಳಿಗೇ ಕಷ್ಟ.

ಕೈಯ ಬಳಿ ಮಾತ್ರ ಹೆಚ್ಚು ಹೊತ್ತು ಕಳೆಯಲಿ. ದೀಪಕ್ಕೆ ಮರೆಯಾಗಿ ಹಿಡಿದ ಬೆರಳುಗಳು ಕೆಂಪಗೆ ಬೆಳಗುತ್ತವೆ. ನಾನೊಮ್ಮೆ ಹಿಂದಿನ ದಿನವೇ ತರಗತಿಯ ಕಿಟಕಿಗಳನ್ನು ಮುಚ್ಚಿಸಿ, ಒಂದೊಂದು ಮಗುವೂ ಉರಿಯುವ ಟಾರ್ಚಿನ ಮೇಲೆ ಅಂಗೈ ಇಟ್ಟು ನೋಡುವಂತೆ ಮಾಡಿದ್ದೆ. ಮರುದಿನ ಚಿತ್ರದೆದುರು ಒಬ್ಬ ಹುಡುಗ, ಯಾರೂ ಹೇಳದೆಯೇ, ತನ್ನ ಕೈಯನ್ನು ಅವಳಂತೆಯೇ ಬಾಗಿಸಿ ಹಿಡಿದು, "ಗಾಳಿ ಈ ಕಡೆಯಿಂದ ಬರ್ತಿದೆ ಸಾರ್" ಎಂದ. ಅಷ್ಟು ವರ್ಷ ಆ ಚಿತ್ರವನ್ನು ನೋಡಿದ್ದರೂ ಅಲ್ಲಿ ಗಾಳಿಯಿದೆ ಎಂಬುದು ನನಗೆ ಹೊಳೆದಿರಲಿಲ್ಲ.

ಇಷ್ಟಾದ ಮೇಲೆ ವಿವರ ಹೇಳು: 1940ರ ದಶಕದ ಈ ಚಿತ್ರ ಎಣ್ಣೆಬಣ್ಣದ್ದಲ್ಲ, ಜಲವರ್ಣದ್ದು, ದೀಪ ಹಿಡಿದು ನಿಂತವಳು ಕಲಾವಿದರ ಸ್ವಂತ ಮಗಳು. ಮಗಳೆಂದು ತಿಳಿದ ಬಳಿಕ ಆ ಮುಖವನ್ನು ಇನ್ನೊಮ್ಮೆ ನೋಡಿಸು. ಕೆಲವು ಮಕ್ಕಳು ಮೊದಲು ಹೇಳಿದ್ದನ್ನು ಬದಲಿಸುತ್ತಾರೆ, ಕೆಲವರು ಜಗ್ಗುವುದಿಲ್ಲ. ಜಗ್ಗದವರಿಗೂ ತೋರಿಸಲು ಚಿತ್ರದಲ್ಲಿ ಏನಾದರೂ ಇದ್ದೇ ಇರುತ್ತದೆ, ಕೇಳು.

ಮಧ್ಯಾಹ್ನ ಎಲ್ಲರನ್ನೂ ಮನೆಗೇ ಕರೆದುಕೊಂಡು ಬಾ. ನಿನ್ನ ದೊಡ್ಡಮ್ಮ ಚಿತ್ರಾನ್ನ ಮಾಡುತ್ತಾಳಂತೆ.

ಇತಿ,
ನಿನ್ನ ದೊಡ್ಡಪ್ಪ